ನಲವತ್ತೊಂದನೆಯ ಬಿಲ್ಲೆ

ಯುಗಾದಿ ಕಳೆದು ಎರಡು ವಾರ, ಮಧ್ಯಾಹ್ನದ ಮೂರು ಗಂಟೆ. ಕಮಲಾಪುರದಲ್ಲಿ ಆ ಹೊತ್ತಿಗೆ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಶೇವಂತಾ ಚರ್ಚಿನ ಕಸ ಗುಡಿಸಿ, ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಆಗ ಪುರಾತತ್ವ ಇಲಾಖೆಯ ಒಂದು ಜೀಪು ಬಂದು ನಿಂತಿತು. ಇಬ್ಬರು ಇಳಿದರು. ಒಬ್ಬ ಬಾಗಿಲಿಗೆ ಅಂಟು ಬಳಿದ, ಇನ್ನೊಬ್ಬ ಅದರ ಮೇಲೆ ಕಾಗದ ಒತ್ತಿದ. ಕಾಗದದ ಫೋಟೋ ತೆಗೆದುಕೊಂಡು, ಪಕ್ಕದಲ್ಲಿ ನಿಂತ ಮುದುಕಿಯ ಕಡೆ ಕತ್ತು ಕೂಡ ಹೊರಳಿಸದೆ ಹೊರಟುಹೋದರು.

ಶೇವಂತಾಗೆ ಎಪ್ಪತ್ತೇಳು ವರ್ಷ. ಮೂರನೇ ಇಯತ್ತೆಯ ತನಕ ಕಲಿತವಳು. ಅಕ್ಷರದ ಮೇಲೆ ಬೆರಳಿಟ್ಟು ಸಾವಕಾಶ ಓದಿದರೆ ಓದಲು ಬರುತ್ತದೆ. ಓದಿದಳು. ಈ ಕಟ್ಟಡವು ಕ್ರಿಸ್ತಶಕ ೧೩೩೭ರದ್ದಾದ್ದರಿಂದ ಅತಿ ಪುರಾತನ ಸ್ಮಾರಕವೆಂದೂ, ಪರವಾನಗಿ ಇಲ್ಲದೆ ಇದರ ಒಂದು ಹಂಚನ್ನೂ ಒಂದು ಕಲ್ಲನ್ನೂ ಯಾರೂ ಮುಟ್ಟಬಾರದೆಂದೂ ಬರೆದಿತ್ತು.

ಅವಳು ತಲೆಯೆತ್ತಿ ನೋಡಿದಳು. ಬಡಗಣ ಮೂಲೆಯ ಹಂಚುಗಳನ್ನು ಗೌಂಡಿ ಯಂಕಪ್ಪ ನಾಲ್ಕು ದಿನದ ಹಿಂದಷ್ಟೇ ಇಳಿಸಿದ್ದ. ಗೆದ್ದಲು ತಿಂದ ತೊಲೆಗೆ ಎರಡು ಮರದ ಬಲ್ಲಿ ಊರೆ ಕೊಟ್ಟು ನಿಲ್ಲಿಸಿದ್ದ. ಕೆಳಗಿನ ಗೋಡೆ ಹೊರಗೂ ಒಳಗೂ ಕಲ್ಲು, ನಡುವೆ ಮಣ್ಣು. ಜೂನಿನ ಮಿರಗದ ಮಳೆ ಬರುವುದರೊಳಗೆ ಹೊಸ ತೊಲೆ ಕೂರದಿದ್ದರೆ ಆ ಮಣ್ಣು ಕರಗುತ್ತದೆ, ಗೋಡೆ ಹೊಟ್ಟೆ ಬಿಟ್ಟು ಕೂರುತ್ತದೆ. ಅದು ಅವಳ ಅಪ್ಪ ಮರೆಪ್ಪ ಕಟ್ಟಿದ ಗೋಡೆ.

ಎರಡು ಮನೆ ಆಚೆಯ ಪ್ರೇಮಕುಮಾರ ಹೈಸ್ಕೂಲು ಮಾಸ್ತರ, ಚರ್ಚಿನ ಸಭೆಯ ಸೆಕ್ರೆಟರಿ. ಶೇವಂತಾ ಅವನ ಅಂಗಳದಲ್ಲಿ ನಿಂತು ಕೂಗಿದಳು.

"ಏ ಪ್ರೇಮಾ, ಹೊರಗ ಬಾ. ನಮ್ಮ ಗುಡಿಗೆ ಏಳುನೂರು ವರ್ಷ ಆಗ್ಯಾವಂತ. ಯಾವ ಪುಣ್ಯಾತ್ಮ ಎಣಿಸ್ಯಾನ, ಕೇಳಿ ಬಾ."

ಪ್ರೇಮಕುಮಾರ ಬಂದು ನೋಟೀಸು ಓದಿದ. ಅವನ ಮುಖ ಇಳಿಯಿತು. "ನಾನೇ ಬರದೀನಿ ಆಯಿ."

"ನೀನಾ?"

"ಬಾಗಲ ಮ್ಯಾಲಿನ ಕಲ್ಲಿನಾಗ ಅದೇ ಅದಲ್ಲಾ. ಹಳೇ ಕಟ್ಟಡಕ್ಕ ಸರ್ಕಾರ ಮದತ್ ಮಾಡ್ತದ ಅಂದ್ರು, ಅರ್ಜಿ ಹಾಕಿದೆ. ಯಾವ ಇಸವಿ ಅಂತ ಒಂದು ಖಾನೆ ಇತ್ತು. ಕಲ್ಲಿನ ಮ್ಯಾಲೆ ಇದ್ದದ್ದನ್ನ ಬರದೆ."

"ನಮ್ಮಪ್ಪ ಕಟ್ಟಿದ ಗುಡಿಗೆ ಏಳುನೂರು ವರ್ಷ ಆದ್ರ ನಾ ಯಾರೋ? ದೆವ್ವಾನಾ?"

"ಹಳೇದು ಬಿದ್ದಮ್ಯಾಲೆ ನಿಮ್ಮಪ್ಪ ಮತ್ತ ಕಟ್ಟಿರಬೇಕು ಅಂದ್ಕೊಂಡೆ."

"ಅಂದ್ಕೊಂಡಿ! ಎರಡ್ ಮನಿ ಆಚೆ ಇದ್ದೀನಿ, ಕೇಳೂಕ ಬಾಯಿ ಬಿದ್ದಿತ್ತೇನು?"

ಊರ ಹೊರಗಿನ ರಸ್ತೆಗೆ ಅವನೇ ಒಂದು ಫ್ಲೆಕ್ಸು ಕಟ್ಟಿಸಿದ್ದ. ಏಳುನೂರು ವರ್ಷಗಳ ಪ್ರೆಸ್ಬಿಟೇರಿಯನ್ ಚರ್ಚಿಗೆ ಸ್ವಾಗತ ಎಂದು ಅದರಲ್ಲಿ ಬರೆದಿತ್ತು. ಶೇವಂತಾ ಅದನ್ನು ಚುನಾವಣೆಯದೆಂದು ತಿಳಿದು ಓದುವ ಗೋಜಿಗೆ ಹೋಗಿರಲಿಲ್ಲ.

ಆ ಕಲ್ಲಿನ ಕತೆ ಒಂದು ಕಾಲಕ್ಕೆ ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದವರೆಲ್ಲ ಹೋಗಿ ಈಗ ಉಳಿದವಳು ಇವಳೊಬ್ಬಳೇ. ನಿಜಾಮರ ಕಾಲದಲ್ಲಿ ಸ್ಕಾಟ್ಲೆಂಡಿನ ಪಾದ್ರಿಯೊಬ್ಬ ಬಂದು ಇಲ್ಲಿ ನೆಲೆಸಿದ. ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚಿಗೆ ಇದ್ದ ಅವನನ್ನು ಜನ ಬಿದಿರು ಸಾಹೇಬ ಎನ್ನುತ್ತಿದ್ದರು. ಅವನ ಗುಡಿಗೆ ಕಲ್ಲು ಕಡಿದವನು ಇಪ್ಪತ್ತೆರಡು ವರ್ಷದ ಮರೆಪ್ಪ. ಕಟ್ಟಡ ಮುಗಿಯುವ ಹೊತ್ತಿಗೆ ಪಾದ್ರಿ ಬಾಗಿಲ ಮೇಲೆ ಕೆತ್ತಬೇಕಾದ ಇಸವಿಯನ್ನು ಚೀಟಿಯಲ್ಲಿ ಬರೆದುಕೊಟ್ಟು ಕಲಬುರಗಿಗೆ ಹೋದ. ಮರೆಪ್ಪ ಚೀಟಿಯನ್ನು ರುಮಾಲಿನಲ್ಲಿ ಸಿಗಿಸಿಕೊಂಡ. ಸಂಜೆಯ ಹೊತ್ತಿಗೆ ಅದು ಬೆವರಿನಲ್ಲಿ ನೆನೆದು ಮುದ್ದೆಯಾಗಿತ್ತು. ಅವನು ಊರ ಲೆಕ್ಕ ಬರೆಯುವ ಪಟವಾರಿಯ ಹತ್ತಿರ ಹೋಗಿ, ಈಗ ನಡೆದಿರುವುದು ಯಾವ ವರ್ಷ ಎಂದು ಕೇಳಿದ. ಪಟವಾರಿಗೆ ಗೊತ್ತಿದ್ದದ್ದು ಸರ್ಕಾರ ಬೆಳೆ-ಕಂದಾಯಕ್ಕೆ ಎಣಿಸುತ್ತಿದ್ದ ಫಸಲಿ ವರ್ಷ ಒಂದೇ. ನೆಲದ ಮೇಲೆ ಕಡ್ಡಿಯಿಂದ ೧೩೩೭ ಎಂದು ಗೀಚಿ ತೋರಿಸಿದ. ಮರೆಪ್ಪ ಅದನ್ನು ಅಂದವಾಗಿ ಕೆತ್ತಿ, ಕಲ್ಲನ್ನು ಏರಿಸಿ ಕೂರಿಸಿಬಿಟ್ಟ.

ತಿರುಗಿ ಬಂದ ಪಾದ್ರಿ ಕಲ್ಲನ್ನು ನೋಡಿ ಏನೂ ಅನ್ನಲಿಲ್ಲ. ಅಂದವನು ಸಭಾ ಹಿರಿಯ ಖಂಡೆಪ್ಪ. "ಕರ್ತ ಹುಟ್ಟಿದ ಲೆಕ್ಕ ಬಿಟ್ಟು ಜೋಳದ ರಾಶಿ ಲೆಕ್ಕ ಕೆತ್ತ್ಯಾನ ನೋಡ್ರಿ ಶಾಣ್ಯಾ!" ಎಂದು ನೆರೆದವರ ನಡುವೆ ನಗಾಡಿದ. ನೆರೆದವರೂ ನಕ್ಕರು. ಆರು ತಿಂಗಳು ಕಡಿದ ಸಾವಿರ ಕಲ್ಲು ಯಾರ ಕಣ್ಣಿಗೂ ಬೀಳಲಿಲ್ಲ, ಅದೊಂದೇ ಬಿತ್ತು.

ಪಾದ್ರಿಗಳು ಹೋಗಿ ಎಷ್ಟೋ ಕಾಲವಾಯಿತು. ಸಭೆ ಎರಡು ಸಲ ಹೆಸರು ಬದಲಿಸಿತು. ಆದರೂ ಕಟ್ಟಡಕ್ಕೆ ಪ್ರೆಸ್ಬಿಟೇರಿಯನ್ ಚರ್ಚು ಎಂಬ ಹೆಸರೇ ಉಳಿಯಿತು. ನಾಲಿಗೆ ಹೊರಳದವರು ಪಿರಸ್ಬಿ ಗುಡಿ ಎಂದರು. ಕಲ್ಲನ್ನು ಮಾತ್ರ ಯಾರೂ ಬದಲಿಸಲಿಲ್ಲ.

ಪ್ರೇಮಕುಮಾರನಿಗೆ ಪರೀಕ್ಷೆಯ ಪೇಪರು ತಿದ್ದುವ ಕೆಲಸವಿತ್ತು. ಹೀಗಾಗಿ ಕಲಬುರಗಿಯ ಇಲಾಖೆ ಕಚೇರಿಗೆ ಅಲೆಯುವುದು ಶೇವಂತಾಳ ಪಾಲಿಗೆ ಬಂತು. ಹೆಣ್ಣುಮಕ್ಕಳಿಗೆ ಬಸ್ಸು ಫುಕಟ್ ಎಂದು ಎಲ್ಲರೂ ನೆನಪು ಮಾಡಿಕೊಟ್ಟರು. "ಬಸ್ಸು ಫುಕಟ್ ಅದಪಾ, ಮೊಣಕಾಲು ಫುಕಟ್ ಇಲ್ಲ" ಎಂದು ಅವಳು ಹತ್ತಿದಳು.

ಮೊದಲ ಸಲ ಹೋದಾಗ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಎರಡನೆಯ ಸಲ ಊಟಕ್ಕೆ ಹೋಗಿದ್ದರು. ಆ ಊಟ ಸಂಜೆ ಐದಾದರೂ ಮುಗಿಯಲಿಲ್ಲ. ಮೂರನೆಯ ಸಲ ಒಬ್ಬ ಗುಮಾಸ್ತ, "ಇದು ಕೋಟಿ-ಕೊತ್ತಲದ ಟೇಬಲ್ಲು. ಗುಡಿ, ಮಸೂತಿ ಆ ಕಡೆ" ಎಂದ. ಆ ಕಡೆಯವನು ಪಟ್ಟಿಯಲ್ಲಿ ಬೆರಳಾಡಿಸಿ, "ಚರ್ಚು ನಮ್ಮ ಕಡೆ ಇಲ್ಲರೀ, ಕೋಟಿ ಟೇಬಲ್ಲಿಗೆ ಹೋಗ್ರಿ" ಎಂದ. ನಾಲ್ಕನೆಯ ಸಲ ಧೀರೇಂದ್ರ ಸಿಕ್ಕ.

ಧೀರೇಂದ್ರ ಆ ಕಚೇರಿಯ ಅಧಿಕಾರಿ, ಕಲಬುರಗಿಯ ಗಾಜಿಪುರದವನು. ಹಣೆಯ ಮೇಲೆ ಬೆಳಗಿನ ಪೂಜೆಯ ಅಂಗಾರದ ಬೊಟ್ಟು, ಮಾತು ಮೆತ್ತಗೆ.

"ಕೂಡ್ರಿ ಶೇವಂತಾಬಾಯಿ. ಬಿಸಲಾಗ ಬಂದೀರಿ, ನೀರು ಕುಡೀರಿ."

"ನೀರು ಬ್ಯಾಡ್ರಿ, ಕಾಗದ ಕೊಡ್ರಿ. ಮೂರು ಸಲ ನೀರು ಕುಡದು ಹೋಗೀನಿ."

ಧೀರೇಂದ್ರ ಕಡತ ತೆರೆದ. "ನನಗೇನು ತಿಳಿಯೂದಿಲ್ಲೇನು ಬಾಯಿ? ಸುಲ್ತಾನರು ಬರೂಕಿಂತ ಹತ್ತು ವರ್ಷ ಮದಲ ನಮ್ಮ ಸೀಮ್ಯಾಗ ಯಾವ ಪಾದ್ರಿ ಇದ್ದ? ಆದರ ಫೈಲಿನಾಗ ೧೩೩೭ ಅಂತ ಬಿದ್ದದ. ನಿಮ್ಮ ಸೆಕ್ರೆಟರಿನೇ ಸಹಿ ಮಾಡ್ಯಾರ. ತಗಸಬೇಕಂದ್ರ ಸಬೂತ್ ಬೇಕು."

"ಬರೆಯೂ ಮುಂದ ಸಬೂತ್ ಕೇಳಲಿಲ್ಲ. ಅಳಸೂ ಮುಂದ ಕೇಳ್ತೀರಿ?"

"ಕಾಯ್ದೆ ಹಂಗದರೀ. ಆ ಕಾಲಕ್ಕ ಇದ್ದವ್ರು ಯಾರರ ಬದುಕ್ಯಾರೇನು? ಹೇಳಿಕಿ ತಗೋತೀವಿ."

"ಒಂದು ಹುಣಸಿ ಗಿಡ ಅದ. ಕರಕೊಂಡು ಬರ್ಲೇನು?"

ಪಕ್ಕದ ಟೇಬಲ್ಲಿನವನು ನಕ್ಕ. ಧೀರೇಂದ್ರನೂ ನಕ್ಕ. ಶೇವಂತಾ ನಗಲಿಲ್ಲ.

ಕಚೇರಿಯ ಗೇಟಿನ ಹೊರಗೆ ತಗಡಿನ ನೆರಳಿನಲ್ಲಿ ಅರ್ಜಿ ಬರೆಯುವ ಸಮೀವುಲ್ಲಾ ಕೂಡುತ್ತಾನೆ. ಶಹಾಬಜಾರದ ಹಳೆಯ ಮನುಷ್ಯ, ಉರ್ದು ದಫ್ತರಗಳನ್ನು ಓದಬಲ್ಲವನು. ಅವಳ ಕತೆ ಕೇಳಿ ಅವನಿಗೆ ನಗು ತಡೆಯಲಿಲ್ಲ.

"ಅರೇ ಬೆಹನ್, ನಮ್ಮ ಅಬ್ಬಾ ಹುಟ್ಟಿದ್ದು ಫಸಲಿ ಸಾವಿರದ ಮುನ್ನೂರಾ ನಲವತ್ತು. ಅಂದ್ರ ಅವರೂ ಸುಲ್ತಾನರ ಜೋಡಿ ಕುದರಿ ಹತ್ತ್ಯಾರೇನು? ಐನೂರಾ ತೊಂಬತ್ತು ಕೂಡಸ್ರಿ, ಇಂಗ್ಲಿಷ್ ಇಸವಿ ಬರ್ತದ. ಸಾವಿರದ ಒಂಬೈನೂರಾ ಇಪ್ಪತ್ತೇಳು. ಲಿಖ್ ದೇತಾಂವ್."

ಅವನು ಎರಡು ಪುಟ ಬರೆದುಕೊಟ್ಟ. ಐದನೆಯ ಸಲ ಅದನ್ನು ಓದಿದ ಧೀರೇಂದ್ರ ತಲೆದೂಗಿದ. "ಲೆಕ್ಕ ಖರೇ ಅದ. ಆದರ ಆ ಕಲ್ಲಿನ ಮ್ಯಾಲೆ ಫಸಲಿ ಅನ್ನೂ ಅಕ್ಷರ ಇಲ್ಲಲ್ಲ ಬಾಯಿ. ಮ್ಯಾಲಿನವರು ಅದನ್ನೇ ಕೇಳ್ತಾರ. ಜಾಗದ ಕಾಗದ?"

"ಅದರಾಗ ಅಳತಿ ಅದ, ಇಸವಿ ಇಲ್ಲ."

"ಪಾದ್ರಿ ಪತ್ರಗೋಳು?"

"ಒಂದು ಪೆಟಗಿ ಇತ್ತು. ಗೆದ್ದಲು ಓದ್ಯಾವು."

"ಗಂಟಿ?"

"ನಾ ಶಾಲಿಗೆ ಹೋಗೂ ಮುಂದ ತಂದದ್ದು."

"ಹಂಗಾದ್ರ ಅದೇ ಗುಡಿದು, ಇಂಗ್ಲಿಷ್ ಇಸವಿ ಹಾಕಿದ್ದು, ಯಾವುದರ ಒಂದು ವಸ್ತು ಇದ್ರ ತೋರಸ್ರಿ. ನಾನೇ ಖುದ್ದು ಬಂದು ಪಂಚನಾಮಿ ಮಾಡಿ, ವಾರದಾಗ ಪರವಾನಗಿ ಕೊಡ್ತೀನಿ."

ಮಾತಿಗೆ ಮಾತು ಎಸೆಯುತ್ತಿದ್ದ ಮುದುಕಿ ಒಮ್ಮೆಲೇ ಎದ್ದಳು. ಕೊಡೆ ಎತ್ತಿಕೊಂಡು ಹೊರಟಳು.

ಅಂಥ ವಸ್ತು ಇತ್ತು. ಅವಳ ಮನೆಯಲ್ಲೇ, ತಗಡಿನ ಪೆಟ್ಟಿಗೆಯ ತಳದಲ್ಲಿ, ಅಪ್ಪನ ಹರಕು ರುಮಾಲಿನೊಳಗೆ ಇತ್ತು. ಒಂದು ಸೀಸದ ಬಿಲ್ಲೆ.

ಬಿದಿರು ಸಾಹೇಬ ತನ್ನ ದೇಶದ ಒಂದು ಪದ್ಧತಿಯನ್ನು ಇಲ್ಲಿಗೆ ತಂದಿದ್ದ. ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರಕ್ಕೆ ಮುಂಚೆ ಸಭಾ ಹಿರಿಯ ಮನೆಮನೆಗೆ ಹೋಗುವನು. ಯಾರ ಮೇಲೂ ಸಿಟ್ಟಿಲ್ಲ, ಯಾರೊಡನೆಯೂ ಜಗಳವಿಲ್ಲ ಎಂದವರ ಕೈಗೆ ಒಂದೊಂದು ಬಿಲ್ಲೆ ಕೊಡುವನು. ಭಾನುವಾರ ಬಿಲ್ಲೆಯನ್ನು ತಿರುಗಿ ಹಿರಿಯನ ಕೈಗೆ ಕೊಟ್ಟವರಿಗೆ ಮಾತ್ರ ಮೇಜಿನಲ್ಲಿ ಜಾಗ. ಗುಡಿ ತೆರೆದ ಮೊದಲ ಭೋಜನಕ್ಕೆ ಖಂಡೆಪ್ಪ ಹಂಚಿದ ಬಿಲ್ಲೆಗಳು ನಲವತ್ತೊಂದು. ತಿರುಗಿ ಬಂದವು ನಲವತ್ತು.

ಬಾರದ ಒಂದು ಬಿಲ್ಲೆ ಮರೆಪ್ಪನ ರುಮಾಲಿನಲ್ಲಿತ್ತು. ಹಂಚುವಾಗ ಖಂಡೆಪ್ಪ, "ಯಾರ ಮ್ಯಾಲರ ಸಿಟ್ಟದ ಏನು?" ಎಂದು ಕೇಳಿದ್ದ. ನಿನ್ನ ಮೇಲೆಯೇ ಇದೆ ಎಂದು ಮುಖಕ್ಕೆ ಹೇಳಲಾರದೆ ಮರೆಪ್ಪ ಬಿಲ್ಲೆ ತೆಗೆದುಕೊಂಡ. ಭಾನುವಾರ ಆ ಸಿಟ್ಟನ್ನು ಇಟ್ಟುಕೊಂಡು ಮೇಜಿಗೆ ಹೋಗಲು ಮನಸ್ಸೊಪ್ಪಲಿಲ್ಲ. ತಾನು ಕಟ್ಟಿದ ಗುಡಿಯ ಹೊರಗೆ ಹುಣಸೆಮರದ ಕೆಳಗೆ ಕೂತ. ಎಣಿಕೆಯಲ್ಲಿ ಒಂದು ಕಮ್ಮಿಯಾದಾಗ ಖಂಡೆಪ್ಪ ಅವನನ್ನೂ ಕೇಳಿದ. "ನಾ ಬಾಗಲದಾಗೇ ಕೊಟ್ಟೀನಿ" ಎಂದುಬಿಟ್ಟ ಮರೆಪ್ಪ. ಒಂದು ಸುಳ್ಳು. ಬಿಲ್ಲೆ ಕಳೆದ ಹಿರಿಯನೆಂದು ಖಂಡೆಪ್ಪನ ಹಿರಿತನ ಹೋಯಿತು. ಖಂಡೆಪ್ಪ ಪ್ರೇಮಕುಮಾರನ ಮುತ್ತಜ್ಜ. ಯಾವನೋ ಕಳ್ಳ ತಮ್ಮ ಹಿರಿಯನ ಮಾನ ತೆಗೆದನೆಂಬ ಮಾತು ಆ ಮನೆಯಲ್ಲಿ ಇಂದಿಗೂ ಇದೆ. ಶೇವಂತಾ ಅದನ್ನು ಅವರ ಜೋಳದ ರೊಟ್ಟಿ ಮುರಿಯುತ್ತ ಎಷ್ಟೋ ಸಲ ಕೇಳಿದ್ದಳು.

ಮುಂದೆ ಪದ್ಧತಿ ನಿಂತಿತು. ಇನ್ನೊಬ್ಬ ಪಾದ್ರಿ ಆ ನಲವತ್ತನ್ನೂ ಕರಗಿಸಿ, ಕಿಟಕಿಯ ಸರಳುಗಳು ಅಲ್ಲಾಡದಂತೆ ಕಲ್ಲಿನ ತೂತಿಗೆ ಹೊಯ್ಯಲು ಹೇಳಿದ. ಹೊಯ್ದವನೂ ಮರೆಪ್ಪನೇ. ಸಾಯುವ ಮುಂಚೆ ಮಗಳ ಕೈಗೆ ಉಳಿದ ಒಂದನ್ನು ಇಟ್ಟು, "ಹಳ್ಳಕ್ಕ ಒಗಿ. ಯಾರಿಗೂ ತೋರಸಬ್ಯಾಡ" ಎಂದಿದ್ದ. ಅವಳು ಒಗೆಯಲೂ ಇಲ್ಲ, ತೋರಿಸಲೂ ಇಲ್ಲ. ಈಗ ತೋರಿಸಿದರೆ ಅಪ್ಪ ಕಳ್ಳನಾಗುತ್ತಾನೆ. ತೋರಿಸದಿದ್ದರೆ ಅಪ್ಪನ ಗೋಡೆ ಬೀಳುತ್ತದೆ. ಎಲ್ಲ ಬಿಟ್ಟು ಆ ಪಟವಾರಿಯ ಮೇಲೆ ಅವಳಿಗೆ ಸಿಟ್ಟು ಬಂತು. ಎಂದೋ ಸತ್ತವನ ಮೇಲೆ ಸಿಟ್ಟಾಗಿ ಏನು ಬಂತು?

ಮೂರು ವಾರ ಹಾಗೇ ಕಳೆದಳು. ಮೇ ತಿಂಗಳ ಕೊನೆಗೆ ಒಂದು ಸಂಜೆ ಗಾಳಿ ಎದ್ದು, ಕಾಲು ಗಂಟೆ ಮಾತ್ರ, ಕಲ್ಲು ಒಗೆದಂತೆ ಮಳೆ ಹೊಡೆಯಿತು. ಗೋಡೆಯ ಸಂದಿನಿಂದ ಕೆಂಪು ಕೆಸರು ಇಳಿಯಿತು. ಮೇಲಿನ ಸಾಲಿನ ಒಂದು ಕಲ್ಲು ಕಳಚಿ ಹಿಂದಿನ ಬೆಂಚಿನ ಮೇಲೆ ಬಿತ್ತು. ಅದು ಮರೆಪ್ಪನ ಮನೆಯವರು ಕೂಡುವ ಬೆಂಚು.

ಯಂಕಪ್ಪ ಗೋಡೆಗೆ ಅಂಗೈ ಹಚ್ಚಿ ನೋಡಿದ. "ಆಯಿ, ಇಂಥಾದ್ದು ಇನ್ನೊಂದು ಬಂದ್ರ ಈ ಗ್ವಾಡಿ ನಿಂದ್ರಂಗಿಲ್ಲ. ನಿಮ್ಮ ಸಾಹೇಬ್ರಿಗೆ ಹೇಳ್ರಿ, ಮಳಿಗೂ ಒಂದು ನೋಟೀಸ್ ಹಚ್ಚಲಿ."

ಮರುದಿನ ಅವಳು ಆರನೆಯ ಸಲ ಬಸ್ಸು ಹತ್ತಿದಳು. "ಬರ್ರಿ. ವಸ್ತು ಅದ" ಎಂದಷ್ಟೇ ಧೀರೇಂದ್ರನಿಗೆ ಹೇಳಿ ಬಂದಳು.

ಶನಿವಾರ ಅವನು ಬಂದ. ಪ್ರೇಮಕುಮಾರ, ಯಂಕಪ್ಪ, ಸಭೆಯ ಏಳೆಂಟು ಜನ ಸುತ್ತ ನಿಂತರು. ಶೇವಂತಾ ಎಲೆಅಡಿಕೆಯ ಸಂಚಿಯಿಂದ ಬಿಲ್ಲೆ ತೆಗೆದು ಮೇಜಿನ ಮೇಲೆ ಇಟ್ಟಳು. ಎಂಟಾಣೆಯಷ್ಟು ಅಗಲ. ಒಂದು ಬದಿಗೆ ಉರಿಯುವ ಪೊದೆಯ ಚಿತ್ರ. ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ ಊರ ಹೆಸರು, ಅದರ ಕೆಳಗೆ 1927.

ಧೀರೇಂದ್ರ ಕನ್ನಡಕ ಏರಿಸಿ ಓದಿ, "ಶಾಬಾಸ್!" ಎಂದ. ಪ್ರೇಮಕುಮಾರ ಮಾತ್ರ ಶಾಬಾಸ್ ಅನ್ನಲಿಲ್ಲ.

"ಇದು ನಿನಗ ಎಲ್ಲಿ ಸಿಕ್ತು ಆಯಿ?"

"ಸಿಗಲಿಲ್ಲಪಾ. ಇತ್ತು."

ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ರುಮಾಲಿನ ಚೀಟಿ, ಪಟವಾರಿಯ ಕಡ್ಡಿ, ಖಂಡೆಪ್ಪನ ನಗೆ, ಹುಣಸೆಮರ, ಸುಳ್ಳು. ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, "ಕಳ್ಳ ಅನ್ನೂದಿದ್ರ ಅನ್ರಿ. ನಾ ಇನ್ನಾ ಇಲ್ಲೇ ನಿಂತೀನಿ" ಎಂದಳು.

ಪ್ರೇಮಕುಮಾರ ಬಿಲ್ಲೆಯನ್ನು ಎತ್ತಿಕೊಂಡು ಬಹಳ ಹೊತ್ತು ಹೊರಳಿಸಿ ಹೊರಳಿಸಿ ನೋಡಿದ.

"ಖಂಡೆಪ್ಪ ಮುತ್ತ್ಯಾ ಕಡಿ ಕಾಲಕ್ಕ ಹಾಸಗ್ಯಾಗ ಬೆರಳು ಎಣಸ್ತಿದ್ದಂತ. ನಮ್ಮಜ್ಜ ಹೇಳ್ತಿದ್ದ. ಒಂದು, ಎರಡು ಅಂತ ಸುರು ಮಾಡಿ ನಲವತ್ತಕ್ಕ ನಿಂದ್ರತಿದ್ದ. ಮತ್ತ ಮದಲಿಂದ." ಅವನು ಬಿಲ್ಲೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ನಲವತ್ತೊಂದು."

ಪ್ರೇಮಕುಮಾರ ಶೇವಂತಾಳ ಕಡೆ ತಿರುಗಿ ಅಂದ: "ಕಳ್ಳ ಅನ್ನೂಕ ನನಗ ಎಲ್ಲಿ ಅದ ಬಾಯಿ, ಆಯಿ? ನಿಮ್ಮಪ್ಪ ಆ ಇಸವಿ ಒಬ್ಬರನ್ನ ಕೇಳಿ ಕೆತ್ತಿದ. ನಾ ಯಾರನ್ನೂ ಕೇಳದ ಬರದೆ."

"ಈಗರ ತಿಳೀತಲ್ಲ. ಆ ಫ್ಲೆಕ್ಸ್ ಇಳಿಸು ಮದಲ" ಎಂದಳು ಶೇವಂತಾ.

ಧೀರೇಂದ್ರ ಬಿಲ್ಲೆಯನ್ನು ಲಕೋಟೆಗೆ ಹಾಕಿದ. "ಅಸಲು ಫೈಲಿಗೆ ಬೇಕು ಬಾಯಿ. ಕೆಲಸ ಮುಗಿದಮ್ಯಾಲೆ ತಿರುಗಿ ಕೊಡ್ತೀನಿ, ನನ್ನ ಮಾತು." ಅವನ ಜೊತೆ ಬಂದ ಗುಮಾಸ್ತ ರಸೀದಿ ಬರೆದ, ಧೀರೇಂದ್ರ ಸಹಿ ಮಾಡಿದ. ಶೇವಂತಾ ಬೆರಳಿಟ್ಟು ಓದಲು ಕೂತಿದ್ದರೆ ಅರ್ಧ ತಾಸು ಬೇಕಾಗುತ್ತಿತ್ತು. ಜೀಪು ಹೊರಡಲು ಅವಸರ ಮಾಡುತ್ತಿತ್ತು. ಮಡಿಚಿ ಸಂಚಿಯಲ್ಲಿ ಇಟ್ಟುಕೊಂಡಳು.

ಧೀರೇಂದ್ರ ಮಾತಿಗೆ ತಪ್ಪಲಿಲ್ಲ. ಆರನೆಯ ದಿನಕ್ಕೆ ಪರವಾನಗಿ ಬಂತು. ಯಂಕಪ್ಪ ಹಗಲೆಲ್ಲ ದುಡಿದು ಹೊಸ ತೊಲೆ ಕೂರಿಸಿದ, ಬಿದ್ದ ಕಲ್ಲನ್ನು ಅದರ ಜಾಗಕ್ಕೇ ಏರಿಸಿದ, ಹಂಚು ಹೊದಿಸಿದ. ಮಿರಗದ ಮಳೆ ಈ ಸಲ ನಾಲ್ಕು ದಿನ ತಡವಾಗಿ ಬಂದು ಉಪಕಾರ ಮಾಡಿತು. ಗೋಡೆ ನಿಂತಿತು. ಮುಂದಿನ ಭೋಜನದ ಭಾನುವಾರ ಪ್ರೇಮಕುಮಾರ ಅವಳನ್ನು ಮುಂದಿನ ಬೆಂಚಿಗೆ ಕರೆದ. "ನನ್ನ ಬೆಂಚು ಹಿಂದ ಅದ. ಈಗ ಅಲ್ಲಿ ಸೋರಂಗೂ ಇಲ್ಲ" ಎಂದು ಅವಳು ಏಳಲಿಲ್ಲ.

ಮರುದಿನ ಸೋಮವಾರ ಬಿಲ್ಲೆ ತರಲೆಂದು ಏಳನೆಯ ಸಲ ಹೋದಳು. ಧೀರೇಂದ್ರನ ಕುರ್ಚಿಯಲ್ಲಿ ಮಂಜುಷಾ ಎಂಬ ಹೊಸ ಅಧಿಕಾರಿ ಕೂತಿದ್ದಳು. ರಸೀದಿಯನ್ನು ಓದಿ, ಕಡತ ತರಿಸಿ, ಮತ್ತೆ ರಸೀದಿ ಓದಿದಳು.

"ಇದನ್ನ ಕೊಡ್ಲಿಕ್ಕೆ ಬರೂದಿಲ್ಲ ಅಜ್ಜಿ. ಪುರಾತನ ವಸ್ತು ಇದು."

"ಎಷ್ಟ್ ಪುರಾತನ ಬಾಯಿ? ನಮ್ಮಪ್ಪನ ರುಮಾಲದಾಗಿಂದು."

"ರಸೀದಿ ಮ್ಯಾಲೆ ನೋಡ್ರಿಲ್ಲೆ. ೧೩೩೭ನೇ ಇಸವಿ ಚರ್ಚಿನ ಸೀಸದ ಬಿಲ್ಲೆ, ಒಂದು."

ಗುಮಾಸ್ತ ಕಡತದ ಹೆಸರನ್ನೇ ನೋಡಿ ಬರೆದಿದ್ದ.

"ಬಿಲ್ಲಿ ಮ್ಯಾಲೆ ಇಸವಿ ಅದ, ಲಕೋಟಿ ತಗದು ನೋಡ್ರಿ."

"ಬಿಲ್ಲೆ ಮ್ಯಾಲೆ ಇದ್ರ ಏನಾತು? ದಾಖಲೆ ಹಿಂಗ ಅದ. ನೀವು ಒಂದು ಅರ್ಜಿ ಕೊಡ್ರಿ, ಸಬೂತ್ ಹಚ್ಚಿ."

"ಸಬೂತ್ ನಿಮ್ಮ ಲಕೋಟ್ಯಾಗೇ ಅದಲ್ಲ ತಾಯಿ! ಧೀರೇಂದ್ರ ಸಾಹೇಬ್ರನ್ನ ಕರೀರಿ, ಅವ್ರಿಗೆ ಎಲ್ಲ ಗೊತ್ತದ."

"ಅವ್ರಿಗೆ ಬೀದರಕ್ಕ ವರ್ಗ ಆತು."

ಶೇವಂತಾ ಹೊರಗೆ ಬಂದು ತಗಡಿನ ನೆರಳಿನಲ್ಲಿ ಕೂತಳು. ಸಮೀವುಲ್ಲಾ ಅವಳ ಮುಖ ನೋಡಿಯೇ ಪೆನ್ನಿನ ಟೊಪ್ಪಿಗೆ ತೆಗೆದ.

"ಕ್ಯಾ ಲಿಖೂಂ ಬೆಹನ್?"

"ಬರೀರಿ ಭಾಯಿ. ಗುಡಿ ಒಳಗ ಕೂಡಾಕ ನಮ್ಮಪ್ಪಗ ತೊಂಬತ್ತೆಂಟು ವರ್ಷ ಹಿಡೀತು. ಇವ್ರ ಕಪಾಟಿನಿಂದ ಹೊರಗ ಬರಾಕ ಎಷ್ಟು ಹಿಡೀತದೋ ನೋಡೂಣು. ಇಸವಿ ಮಾತ್ರ ಅಂಕಿದಾಗ ಬ್ಯಾಡ, ಅಕ್ಷರದಾಗ ಬರೀರಿ."

ಧೀರೇಂದ್ರ ಹೋದದ್ದು ಅದಕ್ಕೆ ನಾಲ್ಕು ದಿನ ಮುಂಚೆ, ಗುರುವಾರ, ಬೆಳಗಿನ ಬೀದರ ಬಸ್ಸಿಗೆ. ಆ ಬಸ್ಸು ಕಮಲಾಪುರದ ಮೇಲೆಯೇ ಹಾದು ಹೋಗುತ್ತದೆ. ಆ ಹೊತ್ತಿಗೆ ಶೇವಂತಾ ಚರ್ಚಿನ ಮುಂದೆ ಕಸ ಗುಡಿಸುತ್ತಿದ್ದಳು. ಬಸ್ಸಿನ ಸಪ್ಪಳ ಕೇಳಿತ್ತು, ತಲೆಯೆತ್ತಿ ನೋಡಿರಲಿಲ್ಲ.